ಜೋಜಪ್ಪನ ಪಂಕ್ತಿಗೆ ನಾಲ್ಕನೆಯ ಎಲೆ

ಸೀರೆ ಒದ್ದೆಯಾಗುತ್ತಿದೆ, ತೊಡೆಯ ಮೇಲೆ ತಣ್ಣಗೆ, ಎಲೆ ಸುತ್ತಿದ ಪೇಪರಿಗೆ ನೀರು ಜಾಸ್ತಿ ಚಿಮುಕಿಸಿಬಿಟ್ಟೆ, ಒಂದು ಬಾಳೆ ಎಲೆಗೆ ಯಾರಾದರೂ ಇಷ್ಟು ನೀರು ಹಾಕುತ್ತಾರಾ, ಬಾಡಬಾರದು, ಇವತ್ತು ಇದೊಂದು ಬಾಡಬಾರದು — ಸಿರುಗುಪ್ಪದಾಗ ಬಾಳಿ ಎಲಿ ಸಿಗಂಗಿಲ್ಲೇನು ಲೂರ್ದಮ್ಮ, ಬಳ್ಳಾರಿಯಿಂದ ಹೊತ್ಕೊಂಡು ಹೊಂಟಿ ಎಂದು ಅಣ್ಣ ನಕ್ಕ, ಸಿಗುತ್ತದೆ ಮಾರಾಯ, ಆದರೆ ನನ್ನನ್ನು ನೋಡಿಹೋದ ಇನ್ನಾಸಪ್ಪನವರ ಮನೆಯಲ್ಲಿ ಮೂರೇ ತರುತ್ತಾರೆ, ಸಂತ ಜೋಜಪ್ಪನ ಹಬ್ಬಕ್ಕೆ ಮೂರೇ ಎಲೆ, ಜೋಜಪ್ಪನಿಗೊಂದು ಅವನ ಹೆಂಡತಿ ಮರಿಯಮ್ಮನಿಗೊಂದು ಬಾಲಯೇಸುವಿಗೊಂದು, ನಾಲ್ಕನೆಯದನ್ನು ನಾನೇ ಒಯ್ಯಬೇಕು. ಅಮ್ಮಾ ಇದು ಕುರುಗೋಡು ಮ್ಯಾಲೆ ಹೋಗ್ತೈತಿ, ಸುತ್ತಾಗ್ತೈತಿ, ಸೀದಾ ಬಸ್ಸು ಹಿಂದಿತ್ತಲ್ರಿ — ಕಂಡಕ್ಟರು ನನ್ನನ್ನೇ ನೋಡಿ ಹೇಳುತ್ತಿದ್ದಾನೆ, ಇರಲಿ ಬಿಡಪ್ಪ, ಬೋರ್ಡು ಓದುವಷ್ಟು ಬುದ್ಧಿ ಇವತ್ತು ಯಾರಿಗಿದೆ, ಸುತ್ತಲಿ, ಸುತ್ತಿದಷ್ಟೂ ಹೇಳಬೇಕಾದ ಮಾತನ್ನು ಇನ್ನೊಂದು ಸಲ ಜೋಡಿಸಿಕೊಳ್ಳಬಹುದು, ಇನ್ನಾಸಪ್ಪನವರ ಮಗಳ ಮುಂದೆ ನಿಂತು ಬಾಯಿ ತೊದಲಿದರೆ ಎಲ್ಲ ಕೆಟ್ಟಿತು. ಮರಿಯಮ್ಮನೂ ಮಲತಾಯಿಯೇ. ಎಷ್ಟು ಸಲ ಅಂದುಕೊಂಡರೂ ಹೊಸದೆನಿಸುತ್ತದೆ, ಇಷ್ಟು ವರ್ಷ ಜಪಸರ ತಿರುಗಿಸಿದೆ, ಒಂದು ದಿನವಾದರೂ ಹೊಳೆಯಿತಾ.

ಹೊಳೆದದ್ದು ಭಾನುವಾರ, ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ, ಜೋಜಪ್ಪನ ಪ್ರತಿಮೆಯ ಮುಂದೆ, ಕೈಯಲ್ಲಿ ಲಿಲ್ಲಿ ಹೂವಿನ ಕೋಲು, ಬಿಳಿ ಗಡ್ಡ, ಎಷ್ಟು ಮುದುಕ ಮಾಡಿದ್ದಾರೆ ನೋಡ್ರಿ ಫಾದರ್, ಮರಿಯಮ್ಮ ನೋಡಿದರೆ ಹರೆಯದವಳು ಎಂದೆ, ಸುಮ್ಮನೆ ಎಂದದ್ದು, ನನ್ನ ಬಾಯಿ ಸುಮ್ಮನಿರುವುದಿಲ್ಲವಲ್ಲ. ಫಾದರ್ ನಕ್ಕರು. ಹಳೇ ಕಾಲದ ಒಂದು ಕಥಿ ಐತಮ್ಮ, ಜೋಜಪ್ಪರ ಮೊದಲ ಹೆಂಡತಿ ತೀರಿಕೊಂಡಿದ್ಲು, ಮಕ್ಕಳಿದ್ರು, ಮರಿಯಮ್ಮಗ ಗಂಡು ಆರಿಸಾಕ ದೇವಾಲಯದಾಗ ವಿಧುರರನ್ನೆಲ್ಲ ಕೋಲು ಹಿಡಿದು ನಿಲ್ಲಿಸಿದಾಗ ಇವರ ಕೋಲಿಗಿ ಹೂವು ಬಿಟ್ಟಿತು, ಇವರು ಹಿಂದ ಸರಿದ್ರಂತ, ನನಗ ಮಕ್ಕಳದಾರ, ವಯಸ್ಸಾಗೈತಿ, ಜನ ನಗ್ತಾರ ಅಂತ — ಹಾಗಾದರೆ ಶುಭಸಂದೇಶದಲ್ಲಿ ಯೇಸುವಿನ ಸೋದರರು ಅಂತ ಬರುತ್ತದಲ್ಲ, ಯಕೋಬ, ಸಿಮೋನ, ಅವರು ಯಾರು ಎಂದೆ — ಕೆಲವರು ಅವರೇ ಈ ಮಕ್ಕಳು ಅಂತಾರ, ಕೆಲವರು ಕಾಕಾನ ಮಕ್ಕಳು ಅಂತಾರ, ಜೋಜಪ್ಪರು ಮುದುಕರೇ ಅಲ್ಲ ಅನ್ನೋರೂ ಅದಾರ, ಇದು ವಿಶ್ವಾಸದ ಸತ್ಯ ಅಲ್ಲ, ನಂಬಿದ್ರ ನಂಬಬಹುದು, ಬಿಟ್ರ ಪಾಪ ಇಲ್ಲ. ನಂಬಬಹುದು ಎಂದರಲ್ಲ, ನನಗೆ ಅಷ್ಟು ಸಾಕು, ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ, ಪಾರ್ವತಿನಗರದ ತಿರುವಿನಲ್ಲಿ ಆಟೋದವನು ಬೈದದ್ದೊಂದು ನೆನಪಿದೆ. ಮರುದಿನ ಗಾರ್ಮೆಂಟ್ಸಿನಲ್ಲಿ ಪಕ್ಕದ ಮಿಷನ್ನಿನ ನೀಲಾವತಿಗೆ ಹೇಳಿದೆ, ಜೀನ್ಸಿನ ಕಾಲು ಹೊಲಿಯುತ್ತ, ಅವಳು ದಾರ ಕಡಿದು, ಹಂಗಾದ್ರ ನಿಮ್ಮ ದೇವರ ಮನ್ಯಾಗೂ ಎರಡನೇ ಸಂಬಂಧ ಅನ್ನು, ಮತ್ಯಾಕ ನೀನು ಅಂಜ್ತಿ ಎಂದಳು, ಅಂಜುವುದು ಇನ್ನಾಸಪ್ಪನವರಿಗಲ್ಲ ನೀಲಾವತಿ, ಆ ಹುಡುಗಿಗೆ, ಅವರ ಮಗಳು ಜೆಸಿಂತಾಗೆ.

ಕುರುಗೋಡು, ಬಂಡೆಗಳು, ಬಸ್ಸು ನಿಂತಿತು, ಯಾರೋ ಅಜ್ಜ ತನ್ನ ಗಂಟನ್ನು ನನ್ನ ಎಲೆಯ ಮೇಲೆ ಇಡಲಿದ್ದ, ಯಪ್ಪಾ ಎಲಿ ಐತಿ, ಎಲಿ ಎಂದು ಎದೆಗವಚಿಕೊಂಡೆ, ಕೂಸನ್ನು ಅವಚಿಕೊಂಡ ಹಾಗೆ, ಅಜ್ಜ ನೋಡಿದ ನೋಟ ನೋಡಬೇಕಿತ್ತು. ಇನ್ನಾಸಪ್ಪನವರೂ ಜೋಜಪ್ಪನ ಹಾಗೆಯೇ ಹಿಂದೆ ಸರಿದವರು, ಅಕ್ಕಿ ಗಿರಣಿಯ ಫಿಟ್ಟರ್, ಬೆರಳ ಸಂದಿನಲ್ಲಿ ಗ್ರೀಸು, ನೋಡಲು ಬಂದ ದಿನ ಮೊದಲ ಮಾತೇ ಅದು, ನನಗ ಮಗಳದಾಳ ನೋಡ್ರಿ, ಹೆಂಡತಿ ಸ್ಟೆಲ್ಲಾ ತೀರಿಕೊಂಡ ಮ್ಯಾಲೆ ಅಕಿಗಿ ನಾನೇ ಎಲ್ಲ. ನನಗೆ ಆ ಮಾತೇ ಹಿಡಿಸಿತು, ಅವರೇ ಹಿಡಿಸಿದರು, ಈ ವಯಸ್ಸಿನಲ್ಲಿ ನಾಚಿಕೆ ಏನು, ಹಿಡಿಸಿದರು. ಆದರೆ ಜೆಸಿಂತಾ ನಾನು ಕೊಟ್ಟ ಬಾದುಷಾವನ್ನು ತಟ್ಟೆಯಲ್ಲೇ ಬಿಟ್ಟಳು, ಶಾಲೆಯಲ್ಲಿ ಯಾರೋ ಮಲತಾಯಿಯ ವಿಷಯ ಏನೇನೋ ತಲೆಗೆ ತುಂಬಿದ್ದರು, ಈಗ ಅವಳಜ್ಜಿ ಬೇರೆ ಹಟ ಹಿಡಿದಿದ್ದಾರೆ. ಪ್ರತಿವರ್ಷ ಹಬ್ಬದ ಮಧ್ಯಾಹ್ನ ಒಬ್ಬ ಬಡ ಮುದುಕ, ಒಬ್ಬ ಹೆಂಗಸು, ಒಂದು ಮಗುವನ್ನು ಕರೆದು, ಕಾಲು ತೊಳೆದು, ಪವಿತ್ರ ಕುಟುಂಬವೆಂದೇ ಕೂಡಿಸಿ ಉಣಬಡಿಸುವ ಮನೆ ಅದು, ಆ ಮೂರು ಎಲೆಗೆ ಬಡಿಸದೆ ಬೀದಿಯವರಾರಿಗೂ ಊಟವಿಲ್ಲ, ಈ ಸಲ ಹೊರಗಿನವರು ಬ್ಯಾಡ, ಅವರು ಮುಂದಿನ ಪಂಕ್ತಿಗಿ ಉಣ್ಲಿ, ಮೂರು ಎಲಿಗಿ ನನ್ನ ಮಗ, ಲೂರ್ದಮ್ಮ, ಮೊಮ್ಮಗಳು ಕುಂದ್ರಲಿ, ನಾಲ್ಕು ಮಂದಿ ನೋಡ್ಲಿ ಎಂದರಂತೆ ಅಜ್ಜಿ. ನಾನು ಯಾಕ ಅಕಿ ಕೂಸಾಗ್ಲಿ, ನಾನು ಕುಂದ್ರಂಗಿಲ್ಲ ಎಂದಳಂತೆ ಜೆಸಿಂತಾ. ಫೋನಿನಲ್ಲಿ ಇನ್ನಾಸಪ್ಪನವರ ದನಿ ಸಣ್ಣದಾಗಿತ್ತು, ಅಕಿ ನಿಮ್ಮ ಪಂಕ್ತಿಗಿ ಕುಂತ್ರ ಸೈ, ಇಲ್ಲಾಂದ್ರ ಈ ಮಾತು ಇಲ್ಲಿಗೇ ಬಿಡೋಣ್ರಿ, ನಾನು ಅಕಿಗಿ ಜುಲುಮಿ ಮಾಡಂಗಿಲ್ಲ. ಜುಲುಮೆ ಯಾಕೆ, ಅವಳು ಹೇಳಿದ್ದು ನ್ಯಾಯವೇ, ಅವಳು ಯಾಕೆ ನನ್ನ ಕೂಸಾಗಬೇಕು, ಅವಳು ಜೋಜಪ್ಪನ ಹಿರಿಯ ಮಗಳು, ನಾನು ಬರುವ ಮೊದಲೇ ಆ ಮನೆಯಲ್ಲಿದ್ದವಳು, ಅವಳಿಗೆ ಅವಳದೇ ಎಲೆ, ಅವಳಪ್ಪನ ಮಗ್ಗುಲಿಗೆ, ಬಾಲಯೇಸುವಿನ ಎಲೆಗೆ ಪಕ್ಕದ ಮನೆ ಹುಲುಗಮ್ಮನ ಕೂಸನ್ನು ಕೂಡಿಸಿದರಾಯಿತು — ತೆಕ್ಕಲಕೋಟೆ ದಾಟಿತು, ಗದ್ದೆ, ಹಸಿರು, ಕಾಲುವೆ ನೀರು, ಪೇಪರು ಬಿಚ್ಚಿ ಇಣುಕಿದೆ, ಎಲೆ ಹಾಗೇ ಇದೆ, ತುದಿ ಕೂಡ ಮಡಿಸಿಲ್ಲ, ಜಾಣೆ ನಾನು, ಇಷ್ಟು ಜಾಣತನ ಇಷ್ಟು ದಿನ ಎಲ್ಲಿತ್ತೋ.

ಇಳಿದದ್ದು, ಓಡಿದ ಹಾಗೆ ನಡೆದದ್ದು, ಬಾಗಿಲಲ್ಲಿ ಅಜ್ಜಿ, ಯಾಕವಾ ಇಷ್ಟು ತಡ, ಅಂಗಳದಲ್ಲಿ ಜನ, ಸಾರಿನ ವಾಸನೆ, ಚಾಪೆಯ ಮುಂದೆ ಮೂರು ಎಲೆ ಹಾಕಿಯೇ ಬಿಟ್ಟಿದ್ದಾರೆ, ಇನ್ನಾಸಪ್ಪನವರು ಬಿಳಿ ಅಂಗಿಯಲ್ಲಿ ಕೂತಿದ್ದಾರೆ, ಕಂಬಕ್ಕೊರಗಿ ಉಪ್ಪಿನ ಬಟ್ಟಲು ಹಿಡಿದು ಜೆಸಿಂತಾ, ಬಡಿಸುತ್ತಾಳಂತೆ, ಕೂರುವುದಿಲ್ಲವಂತೆ. ನಾನು ಚಪ್ಪಲಿ ಬಿಟ್ಟೆನೋ ಇಲ್ಲವೋ, ಅವಳ ಮುಂದೆ ಕುಕ್ಕರಿಸಿ ಒಂದೇ ಉಸಿರಿಗೆ ಹೇಳಿದೆ, ನೀನು ಬಾಲಯೇಸು ಆಗೋದು ಬ್ಯಾಡವ್ವ, ನನ್ನ ಕೂಸೂ ಆಗೋದು ಬ್ಯಾಡ, ಆ ಎಲಿಗಿ ಹುಲುಗಮ್ಮನ ಕೂಸು ಕುಂದ್ರಲಿ, ಜೋಜಪ್ಪಗ ಮೊದಲೇ ಮಕ್ಕಳಿದ್ರಂತ, ಫಾದರ್ ಹೇಳ್ಯಾರ, ನೀನು ಆ ಮಗಳು, ಇಕಾ ಇದು ನಿಂದೇ ಎಲಿ, ನಿಮ್ಮಪ್ಪನ ಬಾಜೂಕ ಹಾಕು. ಕೋಲಿಗೆ ಹೂವು ಬಿಟ್ಟಿತು ಎಂದುಕೊಂಡೆ, ಅವಳು ಎಲೆ ತೆಗೆದುಕೊಂಡಳು, ನೋಡಿದಳು, ಬೆರಳಿಂದ ನೀರು ಒರೆಸಿದಳು, ಅಪ್ಪನ ಬಲಕ್ಕೆ ಹಾಸಿಯೂ ಹಾಸಿದಳು, ಆದರೆ ಕೂರಲಿಲ್ಲ, ನನ್ನ ಕಡೆ ತಿರುಗಿ, ಮೆತ್ತಗೆ, ಜೋಜಪ್ಪನ ಮೊದಲ್ನೇಕಿ ಎಲ್ಲಿ ಕುಂದ್ರತಾಳ, ಅಕಿ ಎಲಿ ಎಲ್ಲೈತಿ. ಇಲ್ಲ. ತಂದಿಲ್ಲ. ಬಳ್ಳಾರಿಯಿಂದ ಇಲ್ಲಿಯವರೆಗೆ ಸುತ್ತಿ ಬಂದೆ, ಜೋಜಪ್ಪ, ಕೋಲು, ಮಕ್ಕಳು, ಮಲತಾಯಿ, ಎಲ್ಲ ಬಂತು, ಅವಳೊಬ್ಬಳು ತಲೆಗೆ ಬರಲೇ ಇಲ್ಲ, ಕಥೆಯಲ್ಲಿ ತೀರಿಕೊಂಡಿದ್ದಳು ಎಂದರು, ತೀರಿತು ಎಂದುಕೊಂಡೆ, ಅಜ್ಜಿ ಏನೋ ಅನ್ನಲು ಬಾಯಿ ತೆರೆದರು. ಮರಿಯಮ್ಮನ ಎಲೆ, ನನ್ನದು, ಎತ್ತಿದೆ, ನಡುದಂಟಿನ ಪಕ್ಕ ಉಗುರಿಟ್ಟು ತುದಿಯವರೆಗೆ ಸೀಳಿದೆ, ಹೊಲಿಗೆ ಬಿಚ್ಚಿ ರೂಢಿಯಿರುವ ಕೈ, ಒಂದು ಹೋಳು ಮೊದಲಿನವಳಿಗೆ ಅಲ್ಲಿ, ಒಂದು ನನಗೆ ಇಲ್ಲಿ, ಅದರ ಮುಂದೆ ಕೂತೆ, ನಡುವೆ ಜೆಸಿಂತಾ ಕೂರುವಷ್ಟು ಜಾಗ, ಅವಳ ಎಲೆಯನ್ನು ಆ ಜಾಗಕ್ಕೆ ಎಳೆದುಕೊಳ್ಳುವುದು ಬಿಡುವುದು ಅವಳಿಗೆ ಬಿಟ್ಟದ್ದು. ಜೆಸಿಂತಾ ಬಗ್ಗಿದಳು. ಆ ಹೋಳಿಗೆ ಒಂದು ಚಿಟಿಕೆ ಉಪ್ಪು, ಅವ್ವಗ ಎಂದಳು. ನನ್ನ ಹೋಳಿನ ಮುಂದೆ ನಿಂತಳು, ಬಟ್ಟಲು ಹಿಡಿದ ಕೈ ಹಾಗೇ ಇದೆ, ನಾನು ಮೇಲೆ ನೋಡುವುದಿಲ್ಲ, ಎಲೆಯನ್ನೇ ನೋಡುತ್ತೇನೆ, ಸೀಳಿದ ಅಂಚು, ಇನ್ನೂ ಒದ್ದೆ — ನಿಮಗ ಎಂದಳು, ಎಲೆಯೆಳೆದ ಸದ್ದು, ನನ್ನ ಮಗ್ಗುಲಲ್ಲಿ ಕೂತ ಸದ್ದು, ಇನ್ನಾಸಪ್ಪನವರು ಸೈ ಎಂದದ್ದು ಎಲ್ಲೋ ದೂರದಿಂದ, ಉಪ್ಪು, ಸೀಳಿದ ಎಲೆ, ಆ ಹೋಳಿನ ಮೇಲೆ ಉಪ್ಪು, ಈ ಹೋಳಿನ ಮೇಲೆ ಉಪ್ಪು.