ಇಬ್ಬರದ್ದೂ ಒಂದೇ ತಪ್ಪು

ಬೇರೆ ಬೇರೆ ಸೀಮೆಯ ವೈನ್ ತರಿಸಿ, ರುಚಿ ನೋಡಿ ಅಂಕ ಹಾಕುವ ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಮೂಗಣ್ಣ ಎಂದೇ ಕರೆಯುತ್ತಿದ್ದರು. ಲೋಟದೊಳಗೆ ಮೂಗಿಟ್ಟರೆ ಸಾಕು, ಇದು ಬೆಟ್ಟದ ಕಡೆಯದು, ಇದು ಹೊಳೆ ದಂಡೆಯದು, ಇದರ ಬಿರಡೆ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಅಂಥ ಮೂಗು ಈಗ ಮುಖದ ಮೇಲೆ ಅಂದಕ್ಕೆ ಮಾತ್ರ ಉಳಿದಿತ್ತು. ಹಿಂದೊಮ್ಮೆ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತವನಿಗೆ ಹಾಲು ಸೀದದ್ದು ಗೊತ್ತಾಗಿದ್ದು ಹೆಂಡತಿ ಹಿತ್ತಲಿಂದ ಓಡಿ ಬಂದಾಗ. ಅವಳು ಬೈಯಲಿಲ್ಲ, ಪಾತ್ರೆ ಇಳಿಸಿಟ್ಟು ಅವನ ಮುಖ ನೋಡಿದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಆದರೂ ಅವನ ಅಂಕಗಳು ತಪ್ಪಿರಲಿಲ್ಲ. ಅದರ ಗುಟ್ಟು ಎದುರಿನ ಕುರ್ಚಿಯಲ್ಲಿತ್ತು. ಅಲ್ಲಿ ಕೂರುತ್ತಿದ್ದವಳು ಟೀಚರಮ್ಮ. ಮೊದಲು ಶಾಲೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದವಳು, ಈ ಕೆಲಸ ಕಲಿತದ್ದು ಮೂಗಣ್ಣನಿಂದಲೇ. ಬಾಟಲಿಗಳಿಗೆ ಬಟ್ಟೆಯ ಚೀಲ ತೊಡಿಸಿ ಯಾರದ್ದೆಂದು ತಿಳಿಯದಂತೆ ಸುರಿಯುತ್ತಿದ್ದರು. ಅಂಕ ಬರೆಯುವ ತನಕ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಆದರೆ ಹುಬ್ಬಿಗೆ ಯಾರು ಕಾಯಿದೆ ಮಾಡಿಯಾರು? ವೈನ್ ಹಿಡಿಸಿದರೆ ಟೀಚರಮ್ಮನ ಎಡಹುಬ್ಬು ಏಳುತ್ತಿತ್ತು, ಹಿಡಿಸದಿದ್ದರೆ ರುಚಿ ನೋಡಿದ್ದನ್ನು ಎಲ್ಲರಿಗಿಂತ ಬೇಗ ಉಗುಳಿ ನೀರಿಗೆ ಕೈ ಚಾಚುತ್ತಿದ್ದಳು. ಮೂಗಣ್ಣ ಅದನ್ನು ನೋಡಿಕೊಂಡು ಪೆನ್ಸಿಲ್ ಓಡಿಸುತ್ತಿದ್ದ. ನಾಚಿಕೆಯಾಗುತ್ತಿರಲಿಲ್ಲವೆಂದಲ್ಲ. ಆದರೆ ಮೂಗಿಲ್ಲದ ಮೂಗಣ್ಣನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅಂಕ ಹಾಕುವವರಲ್ಲಿ ಮೂರನೆಯವರು ಮಾಲೀಕರ ಅಳಿಯಂದಿರು. ಕಣ್ಣು ಬಿಟ್ಟುಕೊಂಡಿದ್ದರೆ ಅವರಿಗೂ ಕೆಂಪು ಯಾವುದು, ಬಿಳಿ ಯಾವುದು ಗೊತ್ತಾಗುತ್ತಿತ್ತು.

ಆ ದಿನ ಮಧ್ಯಾಹ್ನ ಟೀಚರಮ್ಮ ಅವನನ್ನು ಲೋಟ ತೊಳೆಯುವ ಕೋಣೆಗೆ ಕರೆದಳು. ಸಿಂಕಿನ ಪಕ್ಕ ಕಪ್ಪು ಗಾಜಿನ ಎರಡು ಲೋಟಗಳಿದ್ದವು.

"ಅಣ್ಣ, ಇದನ್ನ ಸ್ವಲ್ಪ ನೋಡಿ. ಕುಡೀಬೇಡಿ, ಮೂಸಿ ಅಷ್ಟೆ. ಕೆಂಪು ಯಾವುದು?"

ಮೂಗಣ್ಣ ಲೋಟ ತಿರುಗಿಸಿದ, ಕಣ್ಣು ಮುಚ್ಚಿದ, ಉಸಿರೆಳೆದ. ಆಟಕ್ಕೆ ಬೇಕಾದದ್ದೆಲ್ಲ ಅಭ್ಯಾಸವಾಗಿತ್ತು. ಬರೀ ತಣ್ಣನೆ ಗಾಳಿ ಒಳಗೆ ಹೋಯಿತು. "ಎಡಗಡೇದು. ಹೊಳೆ ಕಡೇದು ಅನ್ಸುತ್ತೆ."

ಟೀಚರಮ್ಮ ಎರಡೂ ಲೋಟ ಎತ್ತಿ ಸಿಂಕಿಗೆ ಬಗ್ಗಿಸಿದಳು. "ಎರಡೂ ನೀರು, ಅಣ್ಣ."

ಮೊದಲು ಬಂದದ್ದು ಸಿಟ್ಟು. "ನಿಮಗೆ ಕೆಲಸ ಕಲಿಸಿದ್ದು ನಾನು. ನನಗೇ ಪರೀಕ್ಷೆ ಇಡ್ತೀರಾ?"

"ಕಲಿಸಿದ್ದು ನೀವು ಅಂತಲೇ ಮೊದಲು ನಿಮ್ಹತ್ರ ಬಂದೆ. ಅಲ್ಲಾ ಅಣ್ಣ, ಶಾಲೇಲಿ ಇಬ್ಬರು ಹುಡುಗರ ಉತ್ತರ ಸರಿ ಇದ್ರೆ ಕಾಪಿ ಹೊಡೆದ್ರು ಅನ್ನೋಕಾಗಲ್ಲ. ಇಬ್ಬರದ್ದೂ ಒಂದೇ ತಪ್ಪು ಬಂದಾಗ ಸಿಕ್ಕಿಬೀಳ್ತಾರೆ. ಕಡಲತೀರದ ಬಿಳಿ ವೈನ್ ನೆನಪಿದೆಯಾ?"

ನೆನಪಿತ್ತು. ಅವಳು ಬೇಗ ಉಗುಳಿದ್ದಳು. ಅವನು ಕಡಿಮೆ ಹಾಕಿದ್ದ.

"ಅವತ್ತು ನನಗೆ ನೆಗಡಿ. ಏನೂ ತಿಳೀಲಿಲ್ಲ, ಅಂದಾಜಲ್ಲಿ ಬರೆದೆ. ತಪ್ಪಾದ್ರೆ ಅಣ್ಣ ಇದಾರಲ್ಲ ಅನ್ನೋ ಧೈರ್ಯ. ನೋಡಿದ್ರೆ ನೀವೂ ಅಷ್ಟೇ ಹಾಕಿದ್ರಿ. ನೆಮ್ಮದಿಯಾಗಿ ಮನೆಗೆ ಹೋದೆ. ನೆಗಡಿ ಬಿಟ್ಟ ಮೇಲೆ ಅಂಗಡೀಲಿ ಅದನ್ನೇ ಕೊಂಡು ಕುಡಿದೆ. ಈ ವರ್ಷ ಅಷ್ಟು ಒಳ್ಳೇದು ಇನ್ನೊಂದು ಬಂದಿಲ್ಲ ಅಣ್ಣ. ಮಾಲೀಕರ ಹತ್ರ ಹೋಗಿ ನನ್ನ ಅಂಕ ವಾಪಸ್ ತಗೊಳ್ತೀನಿ, ಇನ್ನೊಂದ್ಸಲ ನೋಡೋಣ ಅಂದೆ. ಮೂಗಣ್ಣನೂ ಅಷ್ಟೇ ಕೊಟ್ಟಿದಾರಲ್ಲ, ಇನ್ನೇನು ನೋಡೋದು ಅಂದ್ರು."

ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ. ಇಲ್ಲಿ ಮೂಗೇ ಇರಲಿಲ್ಲ, ಹೆಸರಿನ ಮೂಗುತಿ ಒಂದೇ ತೂಗುತ್ತಿತ್ತು.

"ಆ ತೋಟದವರು ಬಳ್ಳಿ ಕಿತ್ತು ಬೇರೆ ಜಾತಿ ಹಾಕೋಕೆ ಹೊರಟಿದಾರಂತೆ," ಎಂದಳು ಟೀಚರಮ್ಮ. "ತಮ್ಮ ಬಳ್ಳೀನೇ ಕೆಟ್ಟದ್ದು ಅಂದ್ಕೊಂಡಿದಾರೆ. ಮೂರು ಜನ ನೋಡ್ತಾರೆ ಅಂತ ನಂಬಿ ಕಳಿಸಿದ್ರು. ಇದ್ದದ್ದು ಒಂದೇ ಮೂಗು. ಅದಕ್ಕೂ ಅವತ್ತು ನೆಗಡಿ."

ತನ್ನ ಹೊಟ್ಟೆಪಾಡಿಗೆ ಮಾಡಿದ ಕಳ್ಳತನ ಇದು, ಯಾರಿಗೂ ನಷ್ಟವಿಲ್ಲ ಎಂದು ಇಷ್ಟು ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

"ನೀವೇ ಹೇಳಿಬಿಡಬಹುದಿತ್ತು," ಎಂದ.

"ನನ್ನ ಬಾಯಲ್ಲಿ ಬಂದ್ರೆ ಅದು ಚಾಡಿ."

ಮೂಗಣ್ಣ ಮಾಲೀಕರ ಕೋಣೆಗೆ ಹೋಗಿ, ಕೂರದೆ, "ನನಗೆ ವಾಸನೆ ಬರಲ್ಲ," ಎಂದ. ಅವರು ನಕ್ಕರು. "ಮೂಗಣ್ಣ, ತಮಾಷೆಗೆ ಇವತ್ತು ನಾನೇ ಬೇಕಾಯ್ತಾ?" ಎರಡನೆಯ ಸಲ ಹೇಳಬೇಕಾಯಿತು. ಮೊದಲನೆಯದಕ್ಕಿಂತ ಅದೇ ಕಷ್ಟವಾಯಿತು. ಈ ಸಲ ಅವರು ನಗಲಿಲ್ಲ. "ಇನ್ನು ಟೇಬಲ್ ಹತ್ರ ಬರಬೇಡಿ," ಎಂದರು. ತಮ್ಮ ಮಾತಿಗೆ ತಾವೇ ನೊಂದವರಂತೆ ಕಿಟಕಿಯ ಕಡೆ ತಿರುಗಿದರು.

ಕಡಲತೀರದ ಬಾಟಲಿ ಸಂಜೆಗೆ ಮುಂಚೆಯೇ ಮತ್ತೆ ಟೇಬಲ್ಲಿಗೆ ಬಂತು. ಗುರುತು ಸಿಗದಿರಲಿ ಎಂದು ಬೇರೆ ಬಿಳಿಗಳ ನಡುವೆ ಬಟ್ಟೆ ತೊಡಿಸಿ ಇಟ್ಟರು. ಅವನ ಕುರ್ಚಿಯಲ್ಲಿ ಮಾಲೀಕರೇ ಕೂತರು. ಮನೆಗೆ ಹೋಗಲು ಕಾಲು ಬರದೆ ಮೂಗಣ್ಣ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಬಾಗಿಲು ಅರ್ಧ ತೆರೆದಿತ್ತು. ಟೀಚರಮ್ಮ ಒಂದೊಂದೇ ಲೋಟ ಎತ್ತಿ ಮೂಸುತ್ತ, ಉಗುಳುತ್ತ ಬಂದಳು. ಒಂದು ಲೋಟದ ಬಳಿ ನಿಂತಳು. ವೈನ್ ಬಾಯಲ್ಲೇ ಇತ್ತು. ಎಡಹುಬ್ಬು ಮೆಲ್ಲಗೆ ಎದ್ದಿತು.

ಮೂಗಣ್ಣನ ಬಲಗೈ ಅವನನ್ನು ಕೇಳದೆ ಜೇಬಿಗೆ ಹೋಗಿ ಪೆನ್ಸಿಲ್ ಹುಡುಕಿತು. ಅದನ್ನು ಅವನು ಟೇಬಲ್ಲಿನ ಮೇಲೆಯೇ ಬಿಟ್ಟು ಬಂದಿದ್ದ.