ಹೆಬ್ಬೆರಳಿಗೆ ಯಾವ ಪಟ್ಟಿ

ಗಾಜಿನ ಪೆಟ್ಟಿಗೆಯ ಮೇಲೆ ನೊಣವೊಂದು ನಡೆಯುತ್ತಿದೆ, ನೀಲಿ ಪೊಟ್ಟಣದಿಂದ ಬಿಳಿ ಪೊಟ್ಟಣಕ್ಕೆ, ಅದೂ ಆರಿಸುತ್ತಿದೆಯೇನೋ, ನಿಂತಿತು, ಕೈ ಉಜ್ಜಿಕೊಂಡಿತು — ಎಲ್ಲಿಂದ ಬಂತು ಇದು, ಅಘನಾಶಿನಿಯಿಂದ ಕುಮಟೆಯವರೆಗೂ ಬಸ್ಸಿನಲ್ಲಿ ತನ್ನ ಹಿಂದೆಯೇ ಬಂತೆ, ಕೈಗೆ ಇನ್ನೂ ಆ ವಾಸನೆ ಇದೆಯೆ, ಸೋಪು ಹಾಕಿ ತಿಕ್ಕಿದ್ದೇನಲ್ಲ, ಮಂಗಲಾ ಬೆರಳುಗಳನ್ನು ವೇಲಿನೊಳಗೆ ಮುಚ್ಚಿಕೊಂಡಳು, ಯಾವುದು ಕೊಡ್ಲಿ ಅಕ್ಕಾ, ಔಷಧಿ ಅಂಗಡಿಯ ಅನೂಪ ಕೇಳುತ್ತಿದ್ದಾನೆ, ಈ ಜಾಳಿಗೆ ಬಟ್ಟೆಗೆ ಎಣ್ಣೆಯಂಥದ್ದು ಹಚ್ಚಿರ್ತಾರೆ, ಗಾಯಕ್ಕೆ ಅಂಟೂದಿಲ್ಲ, ಈ ದಪ್ಪದ್ದು ನೀರು ಹೀರ್ತದೆ, ನಿಮ್ಮ ಆಯಿದು ಒಣಗಿದ್ದಾ, ಸೋರ್ತದಾ — ಒಣಗಿದ್ದು ಎಂದುಬಿಡಲೆ, ಆಯಿಗೆ ಎಲ್ಲವೂ ಒಣಗಬೇಕು, ಮೀನು, ಸೀರೆ, ಗಾಯ, ಹೊಳೆಯಲ್ಲಿ ಬಳಚು ಚಿಪ್ಪುಮೀನು ಆಯುವಾಗ ಚಿಪ್ಪು ಕೊಯ್ದರೆ ಅದೇ ಉಪ್ಪುನೀರಲ್ಲಿ ಕಾಲಾಡಿಸಿ ಗಾಯದ ಮೇಲೆ ಹತ್ತಿ ಒತ್ತಿಬಿಡುವುದು, ಕೇರಿಯ ಹೆಂಗಸರೆಲ್ಲ ಮಾಡುವುದು ಹಾಗೆಯೇ, ಈ ಸಲವೂ ಹಾಗೆಯೇ, ಸಕ್ಕರೆ ಕಾಯಿಲೆ ಅದೆ ಆಯಿ, ನೀರಿಗೆ ಇಳೀಬ್ಯಾಡ ಅಂದರೆ ಕೇಳಿದಳೆ, ನೋಯೂದೇ ಇಲ್ಲ ಮಗಾ, ನೋವಿಲ್ಲ ಅಂದ್ರೆ ಮಾಗ್ತಾ ಬಂತು, ಅದನ್ನು ನಂಬಿ ನಾನೂ ಹತ್ತಿ ಕಿತ್ತು ಮತ್ತೆ ಹತ್ತಿ ಇಟ್ಟೆ, ಕಿತ್ತಾಗಲೆಲ್ಲ ಎಳೆ ತೊಗಲು ಹತ್ತಿಯ ಜೊತೆಗೇ ಎದ್ದು ಬಂತು, ಆಯಿ ಮುಖ ಕೂಡ ಕಿವಿಚಲಿಲ್ಲ, ಎಂಥ ಗಟ್ಟಿ ಹೆಂಗಸು ಎಂದು ಹೆಮ್ಮೆಪಟ್ಟೆನಲ್ಲ, ಹೆಮ್ಮೆ.

ಕಾಲಿನ ಆ ಹೆಬ್ಬೆರಳು — ಸೊಂಟಮಟ್ಟದ ನೀರಿನಲ್ಲಿ ನಿಂತು, ಪಕ್ಕದವರ ಜೊತೆ ಹರಟುತ್ತಲೇ ಕೆಸರೊಳಗೆ ಆಡಿಸಿ, ಇದು ಜೀವದ್ದು, ಇದು ಖಾಲಿ ಚಿಪ್ಪು ಎಂದು ಕಾಣದೆಯೇ ಹೇಳುತ್ತಿದ್ದಳು ಆಯಿ, ಸಣ್ಣಿಯ ಕಾಲಿಗೆ ಕಣ್ಣಿದೆ ಎನ್ನುತ್ತಿದ್ದರು ಎಲ್ಲರೂ, ಈಚೆಗೆ ಅವಳ ಬುಟ್ಟಿಯಲ್ಲಿ ಖಾಲಿ ಚಿಪ್ಪುಗಳೇ ಹೆಚ್ಚು ಬರುತ್ತಿದ್ದವು, ವಯಸ್ಸಾತು ಆಯಿಗೆ ಎಂದು ನಕ್ಕಿದ್ದೆವು, ನಗುವುದೇನಿತ್ತು, ಲಿಂಗಪ್ಪ ಮಾವನನ್ನು ನೋಡಿರಲಿಲ್ಲವೆ, ಆಯಿಯ ಸ್ವಂತ ಅಣ್ಣ, ಅವನಿಗೂ ಇದೇ ಕಾಯಿಲೆ, ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ, ಜಗಲಿಯಲ್ಲಿ ಕೂತರೆ ಪಂಚೆಯ ಒಂದು ಬದಿ ಗಾಳಿಗೆ ಹಾರುತ್ತಿತ್ತು, ಬೇಡ, ಅದು ಬೇಡ, ದಪ್ಪದ್ದು ಕೊಡಿ ಎಂದರೆ ಮುಗಿಯಿತು, ಬಸ್ಸು ಹಿಡಿದು ಮನೆಗೆ ಹೋಗಿ ಕಟ್ಟಿಬಿಟ್ಟರೆ ಕಾಣುವುದಿಲ್ಲ — ವಾಸನೆ ಅದೆಯಾ ಅಕ್ಕಾ, ಅನೂಪ ದನಿ ತಗ್ಗಿಸಿದ್ದಾನೆ, ಇಲ್ಲ ಅನ್ನು, ಇಲ್ಲ ಅನ್ನು, ನೊಣ ಹಾರಿ ಬಂದು ಅವಳ ವೇಲಿನ ಮೇಲೆ, ಬೆರಳು ಮುಚ್ಚಿಟ್ಟ ಜಾಗದಲ್ಲೇ ಕೂತಿತು. ಅದೆ, ಅಂದಳು. ಹಾಗಾರೆ ಇದು ಯಾವುದೂ ಬ್ಯಾಡ, ಅನೂಪ ಎರಡೂ ಪೊಟ್ಟಣಗಳನ್ನು ತನ್ನತ್ತ ಎಳೆದುಕೊಂಡ, ಮುಚ್ಚಿದ್ರೆ ಒಳಗೇ ಕೊಳೀತದೆ, ಇವತ್ತೇ ಡಾಕ್ಟ್ರಿಗೆ ತೋರ್ಸಿ, ಕಾಲು ಮುಟ್ಟಿದ್ರೆ ಆಯಿಗೆ ಗೊತ್ತಾಗ್ತದಾ — ಗೊತ್ತಾಗ್ತದಾ, ಇವತ್ತು ಬೆಳಿಗ್ಗೆ, ಬಚ್ಚಲಿನಲ್ಲಿ, ಚೊಂಬಿನ ನೀರು ಪಕ್ಕದಲ್ಲಿ, ಮಂಗಲಾ ಆಯಿಯ ಹೆಬ್ಬೆರಳನ್ನು ಹಿಡಿದು ಒತ್ತುತ್ತಿದ್ದಾಳೆ, ತನ್ನ ಉಗುರು ಬೆಳ್ಳಗಾಗುವಷ್ಟು ಒತ್ತುತ್ತಿದ್ದಾಳೆ, ಆಯಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಾಳೆ, ಎಂತಕ್ಕೆ ಸುಮ್ನೆ ಕೂತೆ ಮಗಾ, ಹೆದರ್ಬ್ಯಾಡ, ಮುಟ್ಟು — ಹೆಬ್ಬೆರಳು ಮಗಳ ಮುಷ್ಟಿಯೊಳಗೇ ಇದೆ, ಆಯಿ ಕಾಯುತ್ತಿದ್ದಾಳೆ, ಮುಟ್ಟು ಮಗಾ, ಮುಟ್ಟು