ನಾಲ್ಕನೆಯ ಸೂಕ್ಷ್ಮದರ್ಶಕ

ಕಾಲೇಜಿನ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಗಾಜು ತೊಳೆದವನು ನಾನು. ಓದಿದ್ದು ನಾಲ್ಕನೇ ತರಗತಿ. ಆದರೂ ಸ್ಲೈಡಿನ ಮೇಲೆ ಒಮ್ಮೆ ಕಣ್ಣಿಟ್ಟರೆ ಇದು ಗಿಡದ್ದೋ ಪ್ರಾಣಿಯದ್ದೋ ಹೇಳಬಲ್ಲೆ. ಗಿಡದ ಜೀವಕೋಶಕ್ಕೆ ಗೋಡೆಯಿರುತ್ತದೆ, ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತದೆ. ಪ್ರಾಣಿಯದಕ್ಕೆ ಗೋಡೆಯಿಲ್ಲ, ಬರೀ ತೆಳು ಪೊರೆ. ನೀರಿಗೆ ಬಿದ್ದ ಕಾಗದದ ಚೂರುಗಳಂತೆ ಅಡ್ಡಾದಿಡ್ಡಿ. ಪಾಠ ನಡೆಯುವಾಗ ಹಿಂದೆ ನಿಂತು ಕೇಳಿ ಕಲಿತದ್ದು ಇಷ್ಟು.

ಪ್ರಾಯೋಗಿಕ ಪರೀಕ್ಷೆಗೆ ಹತ್ತು ಸೂಕ್ಷ್ಮದರ್ಶಕ ಇಡುತ್ತಿದ್ದೆವು. ನಾಲ್ಕನೆಯದರಲ್ಲಿ ಯಾವತ್ತೂ ಕೆನ್ನೆಯ ಒಳಗಿನಿಂದ ಕೆರೆದು ತೆಗೆದ ಜೀವಕೋಶ. ಎಷ್ಟು ಜನ ಮೇಡಂ ಬದಲಾದರೂ ಅದು ಬದಲಾಗಿರಲಿಲ್ಲ. ಯಾವುದರಲ್ಲಿ ಏನಿರುತ್ತದೆ ಎಂಬ ಪಟ್ಟಿಯನ್ನು ಹಳೆಯ ಹುಡುಗರು ಹೊಸಬರಿಗೆ ದಾಟಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಮೊಮ್ಮಗಳು ಪರೀಕ್ಷೆಗೆ ಕೂತ ವರ್ಷ, ಬೆಳಿಗ್ಗೆ ದೊಡ್ಡ ತಿರುಪನ್ನು ಅರ್ಧ ಸುತ್ತು ಹೆಚ್ಚಿಗೆ ತಿರುಗಿಸಿಬಿಟ್ಟೆ. ಮಸೂರ ಇಳಿದು ನಾಲ್ಕನೆಯ ಸ್ಲೈಡು ಚಟ್ಟೆಂದಿತು.

"ಹೋಗ್ಲಿ ಬಿಡಿ ಅಜ್ಜ," ಎಂದರು ಮೇಡಂ. "ಈರುಳ್ಳಿ ಪೊರೆ ಇಡಿ. ಕೆನ್ನೆಗೆ ಹಾಕೋ ನೀಲಿ ಬಣ್ಣ ತೆರೆದೇ ಇದೆ, ಅದನ್ನೇ ಹಾಕಿ."

ತಮ್ಮ ಉತ್ತರದ ಹಾಳೆಯಲ್ಲೂ ತಿದ್ದಿಕೊಂಡರು. ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅಷ್ಟು ಹೊತ್ತಿಗೆ ಮೊಮ್ಮಗಳು ನಾನು ಮರೆತು ಬಂದಿದ್ದ ಕನ್ನಡಕ ಹಿಡಿದು ಬಂದಳು. ಬಾಗಿಲಲ್ಲೇ ಕೊಟ್ಟು ಹೋದಳು ಎಂದುಕೊಂಡೆ.

ಸಂಜೆ ಹೊರಗಿನಿಂದ ಬಂದ ಪರೀಕ್ಷಕರು ನನ್ನನ್ನು ಕರೆಸಿದರು. ಇಪ್ಪತ್ತನಾಲ್ಕು ಮಕ್ಕಳಲ್ಲಿ ಇಪ್ಪತ್ತಮೂರು ಜನ ನಾಲ್ಕನೆಯದಕ್ಕೆ ಕೆನ್ನೆ ಎಂದು ಬರೆದಿದ್ದರು. ಈರುಳ್ಳಿ ಎಂದು ಬರೆದವಳು ಒಬ್ಬಳೇ.

"ಇಪ್ಪತ್ಮೂರು ಜನ ಕುರುಡರು, ಒಬ್ಬಳಿಗೆ ಮಾತ್ರ ಕಣ್ಣಿದೆಯಾ?" ಎಂದರು. "ಈ ಹುಡುಗಿ ನಿಮಗೇನಾಗಬೇಕು?"

"ಮಗಳ ಮಗಳು ಸಾರ್."

"ಸರಿಹೋಯ್ತು. ನಾನಿದನ್ನ ಬರೆದು ಕಳಿಸಿದ್ರೆ ಅವಳ ಪರೀಕ್ಷೆನೇ ರದ್ದಾಗುತ್ತೆ, ಗೊತ್ತಲ್ಲ?"

"ಅಜ್ಜ ಅಂಥವರಲ್ಲ ಸಾರ್," ಎಂದರು ಮೇಡಂ.

"ಸಿಕ್ಕಿಹಾಕ್ಕೊಳ್ಳೋವರೆಗೂ ಯಾರೂ ಅಂಥವರಲ್ಲ ಮೇಡಂ."

ನಾನು ಹೇಳಿರಲಿಲ್ಲ. ಅದು ನನಗೆ ಗೊತ್ತು. ಆದರೆ ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅವಳು ಮೇಜಿನ ಕಡೆ ನೋಡಿದ್ದಳೇ? ಆರು ವರ್ಷದವಳಿದ್ದಾಗಲೇ ಅವಳಮ್ಮ ಎಲ್ಲಿ ಬಚ್ಚಿಟ್ಟರೂ ಮಿಠಾಯಿ ಡಬ್ಬ ಹುಡುಕಿ ತೆಗೆಯುತ್ತಿದ್ದಳು. ಕೇಳಿದರೆ ಮುಖದ ಮೇಲೆ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಅವಳನ್ನು ಕರೆಸಿದರು.

"ನೋಡ್ದೆ, ಬರೆದೆ ಸಾರ್," ಎಂದಳು. "ಗೋಡೆ ಇತ್ತು. ಕೋಶಕೇಂದ್ರ ಒಂದು ಮೂಲೆಗೆ ಒತ್ತಿಕೊಂಡಿತ್ತು. ಕೆನ್ನೆದಾಗಿದ್ರೆ ನಡುವೆ ಇರಬೇಕಿತ್ತು."

"ಇದೆಲ್ಲ ಪುಸ್ತಕದಲ್ಲೇ ಇದೆಯಲ್ಲಮ್ಮ. ಇನ್ನೊಂದು ಸ್ಲೈಡು ನೋಡಿ ಹೇಳು." ಪರೀಕ್ಷಕರು ಸ್ಲೈಡಿನ ಪೆಟ್ಟಿಗೆಯ ಕಡೆ ಕೈ ತೋರಿಸಿದರು. ಮೇಡಂ ಎದ್ದರು. "ನೀವು ಬೇಡ ಮೇಡಂ, ನಿಮ್ಮ ವಿದ್ಯಾರ್ಥಿ. ಅಜ್ಜನೇ ಒಂದು ತೆಗೀಲಿ. ಅವರಿಗೆ ಸ್ಲೈಡಿನ ಮೇಲಿನ ಇಂಗ್ಲಿಷ್ ಚೀಟಿ ಓದೋಕೆ ಬರಲ್ಲ ತಾನೇ?"

ಚೀಟಿ ಯಾರಿಗೆ ಬೇಕು? ಎರಡನೇ ಸಾಲಿನಲ್ಲಿ ಕಪ್ಪೆಯ ರಕ್ತ. ಅದನ್ನು ಅವಳು ನಿದ್ದೆಗಣ್ಣಲ್ಲೂ ಹೇಳುತ್ತಾಳೆ. ಬೆರಳು ಅಲ್ಲಿ ನಿಂತಿತು. ಆಮೇಲೆ ಮುಂದೆ ಸರಿದು ಕೊನೆಯ ಸಂದಿನಿಂದ ಯೀಸ್ಟ್ ತೆಗೆಯಿತು. ಮೊದಲು ಅದು ಗಿಡಗಳ ಸಾಲಿನಲ್ಲಿರುತ್ತಿತ್ತು. ಅದು ಗಿಡವೂ ಅಲ್ಲ ಪ್ರಾಣಿಯೂ ಅಲ್ಲ ಎಂದು ಈ ಮೇಡಂ ಬಂದ ಮೇಲೆ ಬೇರೆ ಇಡಿಸಿದ್ದರು. ಜಾಣ ಮಕ್ಕಳೂ ಅದನ್ನು ಕಂಡು ರಕ್ತ ಎಂದುಬಿಡುತ್ತಾರೆ.

ಅವಳು ಬಗ್ಗಿ ನೋಡಿದಳು. ಸಣ್ಣ ತಿರುಪು ತಿರುಗಿಸಿದಳು. ಪರೀಕ್ಷಕರ ಕುರ್ಚಿ ಕಿರ್ರೆಂದಿತು.

"ದುಂಡು ದುಂಡಗಿದೆ. ರಕ್ತ ಅನ್ನೋಣ ಅಂದ್ರೆ..." ಮತ್ತೆ ಬಗ್ಗಿದಳು. "ಇಲ್ಲ. ಒಂದರ ಬೆನ್ನಿಗೆ ಇನ್ನೊಂದು ಚಿಕ್ಕದು ಮೊಗ್ಗಿನ ಹಾಗೆ ಅಂಟಿಕೊಂಡಿದೆ. ರಕ್ತ ಮೊಗ್ಗು ಬಿಡಲ್ಲ. ಯೀಸ್ಟ್ ಸಾರ್. ಶಿಲೀಂಧ್ರದ ಗುಂಪು."

ಪರೀಕ್ಷಕರು ಚೀಟಿ ನೋಡಿದರು. ಸಾಲದೆಂಬಂತೆ ತಾವೂ ಬಗ್ಗಿ ನೋಡಿದರು. ಆಮೇಲೆ ಅವಳ ಹಾಳೆಗೆ ಅಂಕ ಹಾಕಿ, "ನಾಲ್ಕನೆಯದಕ್ಕೆ ಉಳಿದವರಿಗೆಲ್ಲ ಸೊನ್ನೆ," ಎಂದರು, ಯಾರ ಮೇಲೋ ಸಿಟ್ಟಾದವರಂತೆ.

ಮನೆಯ ದಾರಿಯಲ್ಲಿ ಅವಳು ಎರಡು ಹೆಜ್ಜೆ ಮುಂದೆಯೇ ನಡೆದಳು. ಔಷಧಿ ಅಂಗಡಿಯ ತಿರುವಿನಲ್ಲಿ ನಿಂತಳು.

"ಕಪ್ಪೆ ರಕ್ತದ ಮೇಲೆ ನಿನ್ನ ಬೆರಳು ನಿಂತಿತ್ತು."

"ಹೂಂ."

"ಆಮೇಲೆ ಮುಂದಕ್ಕೆ ಹೋಯ್ತು."

"ಸುಲಭದ್ದು ಕೊಟ್ಟಿದ್ರೆ ಅವರು ನಂಬ್ತಿರಲಿಲ್ಲ ಪುಟ್ಟಿ."

"ಅವರಾ, ನೀನಾ?"

ಒಂದು ಸುಳ್ಳು ಸಾಕಿತ್ತು. ಬಾಯಿಗೆ ಬರಲಿಲ್ಲ.

"ನಾನೇ," ಎಂದೆ.

ಅವಳು ತಿರುಗಿ ಮನೆಯ ಕಡೆ ನಡೆದಳು. ಬಾಗಿಲು ತೆಗೆದ ಅವಳಮ್ಮ, "ಪರೀಕ್ಷೆ ಹೇಗಾಯ್ತೇ?" ಎಂದಳು.

"ಅಜ್ಜನ್ನ ಕೇಳಮ್ಮ," ಎಂದಳು ಮೊಮ್ಮಗಳು, ಚಪ್ಪಲಿ ಬಿಡುತ್ತ. "ಪರೀಕ್ಷೆ ಮಾಡಿದ್ದು ಅವನೇ."